ಯಾರು ಗುದ್ದುತ್ತಾರೆ, ಯಾರು ಗೆಲ್ಲುತ್ತಾರೆ?

ಪಕ್ಕದ ಮನೆಯ ಹುಡುಗ ಸಿಇಟಿ ಬರೆದು ಫಲಿತಾಂಶಕ್ಕಾಗಿ ಕಾಯುತ್ತಿದ್ದಾನೆ. ಮೊನ್ನೆ ಸಂಜೆ ನೋಟ್‌ಬುಕ್ ಹಿಡಿದುಕೊಂಡು ನಮ್ಮ ಮನೆಗೆ ಬಂದ. ಪುಟದ ನಡುವೆ ಉದ್ದಕ್ಕೊಂದು ಗೆರೆ ಎಳೆದು, ಎಡಕ್ಕೆ ‘ಗುದ್ದುವವರು’, ಬಲಕ್ಕೆ ‘ಮಿಂಚುವ ಹೊಸಬರು’ ಎಂದು ಬರೆದಿದ್ದ. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ನಡೆಯಲಿರುವ ಕಾರು ರೇಸಿನ ಭವಿಷ್ಯ ಅದು. ನಾಲ್ವರು ಗೆಳೆಯರು ಸೇರಿ ಪಂದ್ಯ ಕಟ್ಟಿದ್ದಾರಂತೆ. ಹೆಚ್ಚು ಹೆಸರು ಸರಿ ಬರೆದವನಿಗೆ ಉಳಿದ ಮೂವರು ಮಸಾಲೆ ದೋಸೆ ಕೊಡಿಸಬೇಕು.

‘ನೀವು ಲೆಕ್ಕದ ಮೇಷ್ಟ್ರಾಗಿದ್ದವರು, ಅಂಕಲ್. ಈ ಸಲ ಯಾರು ಗುದ್ದುತ್ತಾರೆ ಅಂತ ಹೇಳಿ’ ಎಂದ.

ದೋಸೆಯ ವಿಷಯ ಬಿಡಿ, ಪ್ರಶ್ನೆ ಚೆನ್ನಾಗಿದೆ. ಮುಂದೆ ಆಗಲಿರುವುದನ್ನು ಎಷ್ಟರಮಟ್ಟಿಗೆ ಹೇಳಬಹುದು, ಎಲ್ಲಿ ಬಾಯಿ ಮುಚ್ಚಿಕೊಳ್ಳಬೇಕು ಎಂಬುದನ್ನು ಕಲಿಯಲು ಈ ರೇಸಿನಷ್ಟು ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಈ ವಾರ ಅದನ್ನೇ ನೋಡೋಣ.

ಇಂಡಿಯಾನಾಪೊಲಿಸ್ 500 ಎಂಬ ಈ ರೇಸು ಮೊದಲು ನಡೆದದ್ದು 1911ರಲ್ಲಿ. ಅಮೆರಿಕದಲ್ಲಿ ಮೇ ತಿಂಗಳ ಕೊನೆಯ ಸೋಮವಾರ ಮಡಿದ ಯೋಧರನ್ನು ನೆನೆಯುವ ರಜಾದಿನ. ಅದರ ಹಿಂದಿನ ಭಾನುವಾರ ರೇಸು. ಅಲ್ಲಿ ಮಧ್ಯಾಹ್ನ, ನಮ್ಮಲ್ಲಿ ರಾತ್ರಿ ಹತ್ತರ ಮೇಲೆ. ಒಂದು ಸುತ್ತಿನ ಉದ್ದ ಎರಡೂವರೆ ಮೈಲಿ, ಅಂದರೆ ನಾಲ್ಕು ಕಿಲೋಮೀಟರಿಗೆ ತುಸು ಹೆಚ್ಚು. 200 ಸುತ್ತು ಹಾಕಿದರೆ 500 ಮೈಲಿ. ಸಾಲಿಗೆ ಮೂರರಂತೆ 11 ಸಾಲು, ಒಟ್ಟು 33 ಕಾರು. ಅಂಡಾಕಾರದ ಪಥ ಎಂದು ಕರೆದರೂ ಅದು ನಿಜವಾಗಿ ಮೂಲೆಗಳು ದುಂಡಾದ ಆಯತ. ತಿರುವು ನಾಲ್ಕು, ಎಲ್ಲವೂ ಎಡಕ್ಕೇ. ಟಿವಿಯಲ್ಲಿ ಐದು ನಿಮಿಷ ನೋಡಿದವರಿಗೆ ಗಾಣದೆತ್ತಿನ ನೆನಪಾದರೆ ತಪ್ಪಿಲ್ಲ. ಆದರೆ ಈ ಗಾಣದೆತ್ತು ಗಂಟೆಗೆ 350 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ.

ಹುಡುಗನಿಗೆ ಮೊದಲು 2025ರ ಮೇ 25ರಂದು ನಡೆದದ್ದನ್ನು ನೆನಪಿಸಿದೆ. ಅದರ ಹಿಂದಿನ ವರ್ಷ ಅರ್ಹತಾ ಸುತ್ತಿನಲ್ಲಿ ಎಲ್ಲರಿಗಿಂತ ವೇಗವಾಗಿ ಓಡಿಸಿ ಮೊದಲ ಸ್ಥಾನದಿಂದ ಹೊರಟಿದ್ದವರು ನ್ಯೂಜಿಲೆಂಡಿನ ಸ್ಕಾಟ್ ಮೆಕ್‌ಲಾಕ್ಲಿನ್. 2025ರಲ್ಲಿ, ಇನ್ನೂ ಹಸಿರು ಬಾವುಟ ಬೀಸುವ ಮೊದಲೇ, ಟೈರು ಬಿಸಿ ಮಾಡಿಕೊಳ್ಳಲೆಂದು ಕಾರನ್ನು ಅತ್ತಿತ್ತ ಹೊರಳಿಸುತ್ತಿದ್ದಾಗ ಅದು ಜಾರಿ ಗೋಡೆಗೆ ಬಡಿಯಿತು. ರೇಸು ಶುರುವಾಗುವ ಮುಂಚೆಯೇ ಅವರ ರೇಸು ಮುಗಿಯಿತು. ಶುರುವಾದ ಮೇಲೆ ಮೊದಲ ತಿರುವಿನಲ್ಲೇ ಗೋಡೆಗೆ ಬಡಿದವರು ಮಾರ್ಕೊ ಆಂಡ್ರೆಟಿ. ಅವರಿಗೆ ಅದು ಇಪ್ಪತ್ತನೆಯ ಇಂಡಿಯಾನಾಪೊಲಿಸ್ ರೇಸು.

ಅದೇ ದಿನ ಮೊದಲ ಸ್ಥಾನದಿಂದ ಹೊರಟವರು ರಾಬರ್ಟ್ ಶ್ವಾರ್ಟ್ಸ್‌ಮನ್. ಹೊಸಬರು. ಅಂಡಾಕಾರದ ಪಥದಲ್ಲಿ ಅದುವರೆಗೆ ಒಂದು ರೇಸನ್ನೂ ಓಡಿಸಿದವರಲ್ಲ. ಅವರ ತಂಡವೂ ಈ ಸರಣಿಗೆ ಹೊಸದು. 1983ರಲ್ಲಿ ಟೆಯೊ ಫಾಬಿ ಹೊರಟ ಮೇಲೆ ಹೊಸಬರೊಬ್ಬರು ಆ ಸ್ಥಾನದಿಂದ ಹೊರಟದ್ದು ಅದೇ ಮೊದಲು. ಆದರೆ ರೇಸಿನ ನಡುವೆ ಪಿಟ್‌ಗೆ ಬಂದಾಗ ಅವರ ಕಾರು ನಿಲ್ಲಬೇಕಾದ ಜಾಗದಲ್ಲಿ ನಿಲ್ಲಲಿಲ್ಲ. ಜಾರಿ ತಮ್ಮದೇ ಸಿಬ್ಬಂದಿಗೆ ತಾಗಿತು. ಅಲ್ಲಿಗೆ ಅವರದೂ ಮುಗಿಯಿತು. ಕೊನೆಯ ಸುತ್ತಿನಲ್ಲಿ ಇನ್ನೊಬ್ಬ ಹೊಸಬ ನೋಲನ್ ಸೀಗೆಲ್ ಗೋಡೆಗೆ ಬಡಿದು, ರೇಸು ಹಳದಿ ಬಾವುಟದಡಿಯೇ ಮುಗಿಯಬೇಕಾಯಿತು.

‘ಹಿಂದಿನ ರಾತ್ರಿ ಪಟ್ಟಿ ಬರೆದಿದ್ದರೆ ಮೆಕ್‌ಲಾಕ್ಲಿನ್ ಹೆಸರನ್ನು ಯಾವ ಕಡೆ ಬರೆಯುತ್ತಿದ್ದೆ?’ ಎಂದು ಕೇಳಿದೆ. ಹುಡುಗ ನಕ್ಕ.

ಒಂದು ಸಣ್ಣ ಲೆಕ್ಕ

ಹಾಗಾದರೆ ಅಪಘಾತದ ಭವಿಷ್ಯ ಹೇಳುವುದೇ ವ್ಯರ್ಥವೇ? ಅಲ್ಲ. ಪಿಯುಸಿಯಲ್ಲಿ ಸಂಭವನೀಯತೆಯ ಪಾಠ ಓದಿದವರು ಪೆನ್ಸಿಲ್ ತೆಗೆದುಕೊಳ್ಳಿ. ಒಬ್ಬ ಚಾಲಕ ಗುದ್ದಿ ಹೊರಬೀಳುವ ಸಂಭವ ಹತ್ತರಲ್ಲಿ ಒಂದು ಎಂದಿಟ್ಟುಕೊಳ್ಳೋಣ. ಇದು ಲೆಕ್ಕಕ್ಕಾಗಿ ನಾನು ಇಟ್ಟುಕೊಂಡ ಸಂಖ್ಯೆ, ದಾಖಲೆಯದ್ದಲ್ಲ. ಆಗ ಅವನು ಗುದ್ದದೇ ಉಳಿಯುವ ಸಂಭವ 0.9. ಮೂವತ್ತಮೂರು ಜನರೂ ಗುದ್ದದೇ ಉಳಿಯಬೇಕಾದರೆ 0.9 ಅನ್ನು 33 ಸಲ ಗುಣಿಸಬೇಕು. ಉತ್ತರ ಸುಮಾರು 0.03. ನೂರಕ್ಕೆ ಮೂರು. ಅಂದರೆ ಒಬ್ಬರಾದರೂ ಗುದ್ದುವ ಸಂಭವ ನೂರಕ್ಕೆ 97.

ಇಲ್ಲಿನ ಸ್ವಾರಸ್ಯ ಗಮನಿಸಿ. ‘ಯಾರೋ ಒಬ್ಬರು ಗುದ್ದುತ್ತಾರೆ’ ಎಂದರೆ ನೂರರಲ್ಲಿ 97 ಸಲ ನಿಮ್ಮ ಮಾತು ನಿಜವಾಗುತ್ತದೆ. ‘ಇಂಥವರೇ ಗುದ್ದುತ್ತಾರೆ’ ಎಂದಿರೋ, ಹತ್ತರಲ್ಲಿ ಒಂಬತ್ತು ಸಲ ಸುಳ್ಳಾಗುತ್ತದೆ. ಎರಡೂ ಹುಟ್ಟಿದ್ದು ಒಂದೇ ಲೆಕ್ಕದಿಂದ. ಗುಂಪಿನ ಬಗ್ಗೆ ಗಟ್ಟಿಯಾಗಿ ಹೇಳಬಹುದಾದದ್ದನ್ನು ಒಬ್ಬನ ಮೇಲೆ ಹೊರಿಸಲಾಗುವುದಿಲ್ಲ. ಜುಲೈಯಲ್ಲಿ ಆಗುಂಬೆಯಲ್ಲಿ ಮಳೆ ಬರುತ್ತದೆ ಎನ್ನಲು ಜ್ಯೋತಿಷಿ ಬೇಕಿಲ್ಲ. ಮೊದಲ ಹನಿ ಯಾರ ತಲೆಯ ಮೇಲೆ ಬೀಳುತ್ತದೆ ಎಂದು ಹೇಳಲು ಯಾರಿಂದಲೂ ಆಗದು.

ಈ ಲೆಕ್ಕದಲ್ಲೂ ಒಂದು ತೊಡಕಿದೆ. ಹೀಗೆ ಗುಣಿಸಬೇಕಾದರೆ ಘಟನೆಗಳು ಪರಸ್ಪರ ಸ್ವತಂತ್ರವಾಗಿರಬೇಕು ಎಂದು ಪಠ್ಯಪುಸ್ತಕ ಷರತ್ತು ಹಾಕುತ್ತದೆ. ರೇಸಿನಲ್ಲಿ ಅವು ಸ್ವತಂತ್ರವಲ್ಲ. ಒಂದು ಕಾರು ಅಡ್ಡ ತಿರುಗಿದರೆ ಹಿಂದಿನವರಿಗೆ ದಾರಿಯಿಲ್ಲ. 1966ರಲ್ಲಿ ಹಸಿರು ಬಾವುಟ ಬೀಸಿದ ಕೆಲವೇ ಕ್ಷಣಗಳಲ್ಲಿ 33ರಲ್ಲಿ 11 ಕಾರುಗಳು ಒಂದೇ ಅಪಘಾತದಲ್ಲಿ ಹೊರಬಿದ್ದವು. ಆ ದಿನ ಗೆದ್ದವರು ಇಂಗ್ಲೆಂಡಿನ ಗ್ರಹಾಂ ಹಿಲ್. ಇಂಡಿಯಾನಾಪೊಲಿಸ್‌ಗೆ ಹೊಸಬರು, ಆದರೆ 1962ರಲ್ಲೇ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆಗಿದ್ದವರು. 2024ರಲ್ಲಿ ಮೊದಲ ತಿರುವಿನಲ್ಲೇ ಹೊಸಬ ಟಾಮ್ ಬ್ಲಾಮ್‌ಕ್ವಿಸ್ಟ್ ಹಿಡಿತ ತಪ್ಪಿದಾಗ ಅವರೊಂದಿಗೆ ಹೊರಬಿದ್ದವರಲ್ಲಿ 2022ರ ವಿಜೇತ ಮಾರ್ಕಸ್ ಎರಿಕ್ಸನ್ ಕೂಡ ಇದ್ದರು. ತನ್ನ ತಪ್ಪೇ ಇಲ್ಲದೆ ಬೀಳುವವನ ಹೆಸರನ್ನು ಯಾವ ಪಟ್ಟಿಯಲ್ಲಿ ಬರೆಯುತ್ತೀರಿ?

ತಿರುವಿನ ಗುಟ್ಟು

ಯಾರು ಎಂಬುದನ್ನು ಬಿಟ್ಟು, ಎಲ್ಲಿ ಮತ್ತು ಯಾವಾಗ ಎಂದು ಕೇಳಿದರೆ ಭೌತಶಾಸ್ತ್ರ ನೆರವಿಗೆ ಬರುತ್ತದೆ. ಇಂಡಿಯಾನಾಪೊಲಿಸ್‌ನ ಪ್ರತಿ ತಿರುವಿನ ಉದ್ದ ಕಾಲು ಮೈಲಿ, ಅಂದರೆ 402 ಮೀಟರ್. ಅದು ಕಾಲು ವೃತ್ತ. ಹಾಗಾದರೆ ತ್ರಿಜ್ಯ ಸುಮಾರು 256 ಮೀಟರ್. ಗಂಟೆಗೆ 350 ಕಿಲೋಮೀಟರ್ ಎಂದರೆ ಸೆಕೆಂಡಿಗೆ 97 ಮೀಟರ್. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ಸುಮಾರು 37 ಬರುತ್ತದೆ. ಭೂಮಿಯ ಗುರುತ್ವ ವೇಗೋತ್ಕರ್ಷ 9.8. ಅದರ ಮುಕ್ಕಾಲು ಕಡಿಮೆ ನಾಲ್ಕರಷ್ಟಲ್ಲ, ಕಾಲು ಕಡಿಮೆ ನಾಲ್ಕರಷ್ಟು! ತಲೆ ಮತ್ತು ಹೆಲ್ಮೆಟ್ ಸೇರಿ ಆರು ಕಿಲೋ ಇದ್ದರೆ, ತಿರುವಿನಲ್ಲಿ ಇಪ್ಪತ್ತೆರಡು ಕಿಲೋ ಭಾರ ಕುತ್ತಿಗೆಯನ್ನು ಪಕ್ಕಕ್ಕೆ ಎಳೆದಂತೆ. ಸುತ್ತಿಗೆ ನಾಲ್ಕು ಸಲ, ಇನ್ನೂರು ಸುತ್ತು.

ತಿರುವನ್ನು ಒಳಕ್ಕೆ ಸುಮಾರು 9 ಡಿಗ್ರಿ ಓರೆ ಮಾಡಿದ್ದಾರೆ. ಆದರೆ ಆ ಓರೆಯೊಂದೇ ಕಾರನ್ನು ಹಿಡಿದಿಡುವುದು ಗಂಟೆಗೆ 72 ಕಿಲೋಮೀಟರ್ ವೇಗದವರೆಗೆ ಮಾತ್ರ. ಲೆಕ್ಕ ಮಾಡಿ ನೋಡಬಹುದು. ಉಳಿದದ್ದೆಲ್ಲ ಟೈರಿನ ಹಿಡಿತ ಮತ್ತು ಗಾಳಿಯ ಒತ್ತಡ. ವಿಮಾನದ ರೆಕ್ಕೆಯನ್ನು ತಲೆಕೆಳಗು ಮಾಡಿದಂತಿರುವ ರೆಕ್ಕೆಗಳು ಕಾರನ್ನು ನೆಲಕ್ಕೆ ಒತ್ತುತ್ತವೆ.

ತೊಂದರೆ ಶುರುವಾಗುವುದು ಇಲ್ಲೇ. ಮುಂದಿನ ಕಾರಿನ ಬೆನ್ನಿಗೆ ಅಂಟಿ ಓಡಿದರೆ ಗಾಳಿಯ ತಡೆ ಕಡಿಮೆ, ನೇರ ದಾರಿಯಲ್ಲಿ ವೇಗ ಹೆಚ್ಚು. ಆದರೆ ತಿರುವಿಗೆ ಬಂದಾಗ ಮುಂದಿನವನು ಕಲಕಿಬಿಟ್ಟ ಗಾಳಿ ಹಿಂದಿನವನ ಮುಂಭಾಗದ ರೆಕ್ಕೆಗೆ ಸರಿಯಾಗಿ ಸಿಗುವುದಿಲ್ಲ. ಸ್ಟಿಯರಿಂಗ್ ಎಡಕ್ಕೆ ತಿರುಗಿರುತ್ತದೆ, ಕಾರು ಗೋಡೆಯತ್ತ ನೇರವಾಗಿ ಹೋಗುತ್ತದೆ. ವೇಗ ಕೊಟ್ಟ ಗಾಳಿಯೇ ಹಿಡಿತ ಕಸಿಯುತ್ತದೆ. ಇದರ ಜೊತೆಗೆ ಟೈರಿನಿಂದ ಉದುರಿದ ರಬ್ಬರಿನ ಚೂರುಗಳು ಓಡುವ ಸಾಲಿನಿಂದಾಚೆ, ಹೊರಗೋಡೆಯ ಬದಿ ರಾಶಿ ಬೀಳುತ್ತವೆ. ಅದರ ಮೇಲೆ ಹೋಗುವುದೆಂದರೆ ನೆಲದಲ್ಲಿ ಚೆಲ್ಲಿದ ರಾಗಿಯ ಮೇಲೆ ಕಾಲಿಟ್ಟಂತೆ. ಟೈರು ತಣ್ಣಗಿದ್ದರೆ ಹಿಡಿತ ಇನ್ನೂ ಕಡಿಮೆ.

ಈಗ ಭವಿಷ್ಯ ಹೇಳಬಹುದು. ಶುರುವಿನ ಸುತ್ತು, ಹಳದಿ ಬಾವುಟದ ನಂತರ ಮತ್ತೆ ವೇಗ ಹಿಡಿಯುವ ಗಳಿಗೆ, ಪಿಟ್‌ನಿಂದ ಹೊಸ ಟೈರು ಹಾಕಿಕೊಂಡು ಹೊರಬಂದ ಮೊದಲ ತಿರುವು, ನಿಧಾನದ ಕಾರನ್ನು ಹಿಂದಿಕ್ಕುವಾಗ, ಮತ್ತು ಎಲ್ಲರಿಗೂ ಅವಸರವಿರುವ ಕೊನೆಯ ಸುತ್ತುಗಳು. ಕಣ್ಣಿಡಬೇಕಾದದ್ದು ಅಲ್ಲಿ. 2025ರ ಆ ದಿನ ತಂಪಿತ್ತು, ತುಂತುರು ಮಳೆಯಿಂದ ರೇಸು ತಡವಾಗಿ ಶುರುವಾಗಿತ್ತು. ಟೈರು ತಣ್ಣಗಿರುತ್ತದೆ, ಯಾರೋ ಜಾರುತ್ತಾರೆ ಎಂದು ಹೇಳಬಹುದಿತ್ತು. ಅದು ಮೆಕ್‌ಲಾಕ್ಲಿನ್ ಎಂದು ಹೇಳಲಾಗುತ್ತಿರಲಿಲ್ಲ.

ಕೊನೆಯ ತಿರುವು

ಹೊಸಬ, ಅಪಘಾತ ಎರಡೂ ಒಂದೇ ಕಡೆ ಸೇರಿದ ಕಥೆ 2011ರದು. ಜೆ.ಆರ್. ಹಿಲ್ಡೆಬ್ರಾಂಡ್‌ಗೆ ಆಗ 23 ವರ್ಷ. ಎಂಐಟಿಯಂಥ ಸಂಸ್ಥೆಯಲ್ಲಿ ಸೀಟು ಸಿಕ್ಕಿದ್ದರೂ ರೇಸನ್ನು ಆರಿಸಿಕೊಂಡ ಹುಡುಗ. ಮೊದಲ ಇಂಡಿಯಾನಾಪೊಲಿಸ್ ರೇಸಿನಲ್ಲೇ ಇನ್ನೂರನೆಯ ಸುತ್ತಿನಲ್ಲಿ ಎಲ್ಲರಿಗಿಂತ ಮುಂದಿದ್ದ. ಉಳಿದಿದ್ದದ್ದು ಒಂದೇ ತಿರುವು. ಎದುರಿಗೆ ನಿಧಾನವಾಗಿ ಹೋಗುತ್ತಿದ್ದ ಒಂದು ಕಾರು ಸಿಕ್ಕಿತು. ಅದನ್ನು ದಾಟಲು ಹೊರಬದಿಗೆ ಸರಿದ. ಆ ರಬ್ಬರಿನ ಚೂರುಗಳ ಮೇಲೆ ಹಿಡಿತ ತಪ್ಪಿ ಗೋಡೆಗೆ ಬಡಿದ. ಮುರಿದ ಕಾರು ಗೋಡೆಯುದ್ದಕ್ಕೂ ಉಜ್ಜುತ್ತಾ ಗೆಲುವಿನ ಗೆರೆಯತ್ತ ಜಾರುತ್ತಿದ್ದಾಗ ಪಕ್ಕದಲ್ಲೇ ಡ್ಯಾನ್ ವೆಲ್ಡನ್ ಸಾಗಿ ಹೋದರು. ಎರಡು ಸೆಕೆಂಡಿನ ಅಂತರ. ಹಿಲ್ಡೆಬ್ರಾಂಡ್ ಎರಡನೆಯವನಾದ.

ಇದನ್ನು ಕೇಳಿ ಹುಡುಗ ‘ಛೇ’ ಎಂದ. ಕಥೆ ಅಲ್ಲಿಗೆ ಮುಗಿಯುವುದಿಲ್ಲ ಎಂದೆ.

ಆ ದಿನ ಗೆದ್ದ ವೆಲ್ಡನ್ ಅದೇ ವರ್ಷ ಅಕ್ಟೋಬರ್ 16ರಂದು ಲಾಸ್ ವೇಗಾಸ್‌ನಲ್ಲಿ ಇನ್ನೊಂದು ಅಂಡಾಕಾರದ ರೇಸಿಗೆ ಇಳಿದರು. ಒಂದೂವರೆ ಮೈಲಿಯ ಪಥ, ತಿರುವುಗಳ ಓರೆ ಕಡಿದು. ಯಾರೂ ವೇಗ ತಗ್ಗಿಸಬೇಕಾಗಿಲ್ಲದ ಕಾರಣ ಕಾರುಗಳು ಬೇರೆಯಾಗದೆ ಗುಂಪಾಗಿಯೇ ಓಡುತ್ತವೆ. ಅಲ್ಲಿ 34 ಕಾರು. ಇಷ್ಟು ವೇಗ, ಇಷ್ಟು ದಟ್ಟಣೆ ಅಪಾಯ ಎಂದು ಕೆಲವು ಚಾಲಕರು ಮೊದಲೇ ಆತಂಕ ತೋಡಿಕೊಂಡಿದ್ದರು. ಹನ್ನೊಂದನೆಯ ಸುತ್ತಿನಲ್ಲಿ 15 ಕಾರುಗಳು ಒಂದಕ್ಕೊಂದು ಬಡಿದವು. ವೆಲ್ಡನ್ ಉಳಿಯಲಿಲ್ಲ. ಅವರಿಗೆ 33 ವರ್ಷ. ಎಲ್ಲರಿಗಿಂತ ಹಿಂದಿನ ಸ್ಥಾನದಿಂದ ಹೊರಟು ಗೆದ್ದರೆ ದೊಡ್ಡ ಬಹುಮಾನ ಎಂಬ ಪ್ರಚಾರದ ಸವಾಲಿನಲ್ಲಿ ಅವರು ಅಂದು ಓಡಿಸುತ್ತಿದ್ದರು.

ಆತಂಕಪಟ್ಟ ಚಾಲಕರು ವೆಲ್ಡನ್ ಹೆಸರು ಹೇಳಿರಲಿಲ್ಲ. ಯಾರ ಹೆಸರನ್ನೂ ಹೇಳಿರಲಿಲ್ಲ. ಈ ಜಾಗ, ಈ ವೇಗ, ಇಷ್ಟು ಕಾರು ಎಂದಷ್ಟೇ ಹೇಳಿದ್ದರು. ಕೇಳಬೇಕಾಗಿದ್ದ ಭವಿಷ್ಯ ಅದು. ಮುಂದಿನ ವರ್ಷ ಆ ಪಥದಲ್ಲಿ ಈ ಸರಣಿಯ ರೇಸು ನಡೆಯಲಿಲ್ಲ.

ಹೀಗೆ ಮೊದಲೇ ಯೋಚಿಸಿ ಉಳಿಸಿದ ಜೀವಗಳೂ ಇವೆ. 2002ರಲ್ಲಿ ಇಂಡಿಯಾನಾಪೊಲಿಸ್‌ನ ಕಾಂಕ್ರೀಟ್ ಗೋಡೆಯ ಮುಂದೆ ಉಕ್ಕಿನ ಕೊಳವೆಗಳ ಇನ್ನೊಂದು ಗೋಡೆ ಬಂತು. ಎರಡರ ನಡುವೆ ಫೋಮ್ ದಿಂಡುಗಳು. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಎಂಜಿನಿಯರುಗಳು ರೂಪಿಸಿದ್ದು. ಕ್ರಿಕೆಟ್ ಚೆಂಡನ್ನು ಹಿಡಿಯುವಾಗ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತೇವಲ್ಲ, ಅದೇ ತತ್ವ. ನಿಲ್ಲುವ ಸಮಯ ಹೆಚ್ಚಾದರೆ ಪೆಟ್ಟು ಕಡಿಮೆ. ತಲೆಯೂ ಕುತ್ತಿಗೆಯೂ ಮುಂದಕ್ಕೆ ಚಿಮ್ಮದಂತೆ ಹಿಡಿಯುವ ‘ಹ್ಯಾನ್ಸ್’ ಎಂಬ ಸಾಧನವನ್ನು ರೂಪಿಸಿದವರು ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ರಾಬರ್ಟ್ ಹಬಾರ್ಡ್. ಅವರ ಭಾವಮೈದುನ ಜಿಮ್ ಡೌನಿಂಗ್ ರೇಸು ಚಾಲಕ. 2020ರಿಂದ ಚಾಲಕನ ಮುಂದೆ ಬಲವಾದ ಪಾರದರ್ಶಕ ಗುರಾಣಿ ಬಂದಿದೆ. ಇವರಾರಿಗೂ ಯಾರು ಗುದ್ದುತ್ತಾರೆ ಎಂದು ಗೊತ್ತಿರಲಿಲ್ಲ. ಯಾರೇ ಗುದ್ದಿದರೂ ಬದುಕಬೇಕು ಎಂದು ಕೆಲಸ ಮಾಡಿದರು. 2017ರಲ್ಲಿ ಸ್ಕಾಟ್ ಡಿಕ್ಸನ್‌ರ ಕಾರು ಗಾಳಿಗೆ ಹಾರಿ ಒಳಗೋಡೆಗೆ ಬಡಿದು ನುಚ್ಚುನೂರಾಯಿತು. ಡಿಕ್ಸನ್ ಅದರಿಂದ ಇಳಿದು ನಡೆದುಬಂದರು.

ಹೊಸಬರ ಮಾತು

ಇನ್ನು ನೋಟ್‌ಬುಕ್ಕಿನ ಬಲಗಡೆ. ಹೊಸಬರಲ್ಲಿ ಯಾರು ಮಿಂಚುತ್ತಾರೆ? 2000ದಲ್ಲಿ ಕೊಲಂಬಿಯಾದ ಹೂವಾನ್ ಪಾಬ್ಲೊ ಮೊಂಟೊಯಾ ಮೊದಲ ಯತ್ನದಲ್ಲೇ 200ರಲ್ಲಿ 167 ಸುತ್ತು ಮುಂದಿದ್ದು ಗೆದ್ದರು. ಮರುವರ್ಷ ಬ್ರೆಜಿಲಿನ ಎಲಿಯೊ ಕ್ಯಾಸ್ಟ್ರೊನೆವೆಸ್ ಮೊದಲ ಯತ್ನದಲ್ಲೇ ಗೆದ್ದರು. 2016ರಲ್ಲಿ ಅಲೆಕ್ಸಾಂಡರ್ ರಾಸಿ ಇಂಧನ ಉಳಿಸಿ ಉಳಿಸಿ ಕೊನೆಯ 36 ಸುತ್ತುಗಳನ್ನು ಒಂದೇ ಟ್ಯಾಂಕಿನಲ್ಲಿ ಮುಗಿಸಿ, ಖಾಲಿ ಟ್ಯಾಂಕಿನಲ್ಲಿ ಗೆರೆ ದಾಟಿ ಗೆದ್ದರು. ಇವರನ್ನು ನಾವು ನೆನಪಿಟ್ಟುಕೊಂಡಿದ್ದೇವೆ. ಬಂದು ಹೋದ ಉಳಿದ ನೂರಾರು ಹೊಸಬರನ್ನು ಮರೆತಿದ್ದೇವೆ. ನೆನಪಿರುವ ಹೆಸರುಗಳಿಂದಲೇ ಭವಿಷ್ಯ ಹೇಳಹೊರಟರೆ ಲೆಕ್ಕ ತಪ್ಪುತ್ತದೆ.

ಸಂಖ್ಯೆಯೂ ಚಿಕ್ಕದು. 2024ರಲ್ಲಿ ಹೊಸಬರು ಆರು ಜನ, 2025ರಲ್ಲಿ ಮೂವರು. ಮೂವರಲ್ಲಿ ಒಬ್ಬ ಗೋಡೆಗೆ ಬಡಿದರೆ ‘ಹೊಸಬರಲ್ಲಿ ನೂರಕ್ಕೆ 33 ಜನ ಗುದ್ದುತ್ತಾರೆ’ ಎಂದು ಬರೆಯುವುದು ಲೆಕ್ಕವಲ್ಲ, ಲೆಕ್ಕದ ವೇಷ.

ಇಂಡಿಯಾನಾಪೊಲಿಸ್‌ನವರು ಹೊಸಬರನ್ನು ಬೇರೆ ರೀತಿ ಅಳೆಯುತ್ತಾರೆ. ಅವರಿಗೊಂದು ಪರೀಕ್ಷೆಯಿದೆ. ಇತ್ತೀಚಿನ ವರ್ಷಗಳ ಕ್ರಮ ಹೀಗೆ: ಗಂಟೆಗೆ 205ರಿಂದ 210 ಮೈಲಿ ವೇಗದಲ್ಲಿ 10 ಸುತ್ತು, 210ರಿಂದ 215 ಮೈಲಿಯಲ್ಲಿ 15 ಸುತ್ತು, 215ಕ್ಕೂ ಮೇಲೆ 15 ಸುತ್ತು. ಎಲ್ಲರಿಗಿಂತ ವೇಗವಾಗಿ ಓಡಿಸು ಎಂದು ಯಾರೂ ಹೇಳುವುದಿಲ್ಲ. ಮೊದಲ ಮೆಟ್ಟಿಲಲ್ಲಿ ಹೇಳಿದ ವೇಗಕ್ಕಿಂತ ಹೆಚ್ಚು ಓಡಿಸಿದರೂ ಅದು ಅಂಕ ತರುವುದಿಲ್ಲ. ಹೇಳಿದ ವೇಗವನ್ನು ಹಿಡಿದಿಡಬಲ್ಲನೇ, ಒಂದು ಮೆಟ್ಟಿಲು ಗಟ್ಟಿಯಾದ ಮೇಲೆ ಮುಂದಿನದಕ್ಕೆ ಹೋಗುತ್ತಾನೆಯೇ ಎಂದು ನೋಡುತ್ತಾರೆ. ಪೋಷಕರು ಇದನ್ನು ಎರಡು ಸಲ ಓದಿದರೆ ನನಗೆ ಸಂತೋಷ.

ಇನ್ನೊಬ್ಬರ ಕಥೆ ಹೇಳಿ ಮುಗಿಸುತ್ತೇನೆ. 2020ರಲ್ಲಿ ಸ್ಪೇನಿನ ಒಬ್ಬ ಹೊಸಬ ಅರ್ಹತಾ ಸುತ್ತಿನಲ್ಲಿ ಏಳನೆಯವನಾಗಿ ಬಂದ. ರೇಸಿನ ನಡುವೆ ಗೋಡೆಗೆ ಬಡಿದು 28ನೆಯ ಸ್ಥಾನದಲ್ಲಿ ಮುಗಿಸಿದ. ಮರುವರ್ಷ ಅರ್ಹತಾ ಸುತ್ತಿನಲ್ಲಿ ಮತ್ತೆ ಬಡಿದ. ಹುಡುಗನ ನೋಟ್‌ಬುಕ್ ಆಗ ಇದ್ದಿದ್ದರೆ ಎಡಗಡೆಯ ಮೊದಲ ಹೆಸರು ಇವನದೇ. ಆದರೆ ಆ ವರ್ಷ ರೇಸಿನಲ್ಲಿ ಎರಡನೆಯವನಾದ. ಅಂದು ಅವನನ್ನು ಹಿಂದಿಕ್ಕಿ ಗೆದ್ದವರು, ಇಪ್ಪತ್ತು ವರ್ಷ ಹಿಂದೆ ಹೊಸಬರಾಗಿ ಗೆದ್ದಿದ್ದ ಅದೇ ಕ್ಯಾಸ್ಟ್ರೊನೆವೆಸ್. ಅದು ಅವರ ನಾಲ್ಕನೆಯ ಗೆಲುವು. 2025ರಲ್ಲಿ ಮೆಕ್‌ಲಾಕ್ಲಿನ್ ಶುರುವಿಗೂ ಮುಂಚೆ ಬಿದ್ದ ಆ ದಿನ ಕೊನೆಗೆ ಗೆದ್ದವರು ಈ ಸ್ಪೇನಿನವರೇ. ಹೆಸರು ಅಲೆಕ್ಸ್ ಪಾಲೊ.

ತಿರುಗುಮುರುಗಾದ ಉದಾಹರಣೆಯೂ ಇದೆ. ಎರಡು ಸಲ ಫಾರ್ಮುಲಾ ಒನ್ ಚಾಂಪಿಯನ್ ಆಗಿದ್ದ ಫರ್ನಾಂಡೊ ಅಲೊನ್ಸೊ 2017ರಲ್ಲಿ ಹೊಸಬರಾಗಿ ಬಂದು 27 ಸುತ್ತು ಎಲ್ಲರಿಗಿಂತ ಮುಂದಿದ್ದರು. ಎಂಜಿನ್ ಕೈಕೊಟ್ಟಿತು. 2019ರಲ್ಲಿ ಮತ್ತೆ ಬಂದರು. ಆ ಸಲ 33 ಜನರ ಪಟ್ಟಿಯಲ್ಲಿ ಅವರಿಗೆ ಜಾಗವೇ ಸಿಗಲಿಲ್ಲ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ‘ಗುದ್ದುವವರು’ ಎಂಬುದನ್ನು ಹೊಡೆದುಹಾಕಿ ‘ಯಾವ ಸುತ್ತು, ಯಾವ ತಿರುವು’ ಎಂದು ಬರೆದ. ಪಂದ್ಯದ ನಿಯಮವನ್ನೇ ಬದಲಿಸಲು ಗೆಳೆಯರನ್ನು ಒಪ್ಪಿಸುತ್ತಾನಂತೆ. ಅಷ್ಟರಲ್ಲಿ ಅವರ ತಂದೆ ಗೇಟಿನ ಬಳಿ ಬಂದರು. ‘ಮೇಷ್ಟ್ರೇ, ಇವನಿಗೆ ರ‍್ಯಾಂಕ್ ಎಷ್ಟು ಬರಬಹುದು? ಎಂಜಿನಿಯರಿಂಗ್ ಸೀಟು ಸಿಕ್ಕೀತೇ?’ ಎಂದು ಕೇಳಿದರು.

ಸಾವಿರಾರು ಮಕ್ಕಳು ಬರೆದಿದ್ದಾರೆ, ಸೀಟು ಇಂತಿಷ್ಟಿವೆ, ಅದನ್ನು ಲೆಕ್ಕ ಹಾಕಿ ಹೇಳಬಹುದು. ಇವನೊಬ್ಬನದನ್ನು ನನ್ನಿಂದ ಹೇಳಲಾಗದು ಎಂದೆ. ಯಾವ ತಿರುವಿನಲ್ಲಿ ಜಾರುತ್ತಾನೆ ಎಂದು ಕೇಳಿದರೆ ಮಾತ್ರ ಹೇಳಬಲ್ಲೆ: ಹಾಸ್ಟೆಲಿನ ಮೊದಲ ತಿಂಗಳು, ಇಂಗ್ಲಿಷಿನಲ್ಲಿ ನಡೆಯುವ ಮೊದಲ ಪಾಠಗಳು, ಮೊದಲ ಸೆಮಿಸ್ಟರಿನ ಗಣಿತ. ಅಲ್ಲಿ ನೀವೂ ಸ್ವಲ್ಪ ಮೆತ್ತನೆಯ ಗೋಡೆಯಾಗಿ ನಿಂತುಕೊಳ್ಳಿ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಹುಡುಗ ಮನೆಗೆ ಹೋಗುವ ದಾರಿಯಲ್ಲಿ ಉಕ್ಕಿನ ಕೊಳವೆ, ಫೋಮು, ಕ್ರಿಕೆಟ್ ಚೆಂಡು ಎಂದು ಕೈಯಾಡಿಸಿ ವಿವರಿಸುತ್ತಿದ್ದದ್ದು ಕಾಣಿಸಿತು.

ದೋಸೆ ಯಾರಿಗೆ ಸಿಕ್ಕಿತೆಂದು ಮುಂದೆ ಯಾವಾಗಲಾದರೂ ಬರೆಯುತ್ತೇನೆ.